ಪಾಯ ತೆಗೆಯದ ಮನೆ

ನಮ್ಮೂರ ಕೆರೆಯ ಅಂಗಳಕ್ಕೆ ಶಿಕಂ ಅನ್ನುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದು ಕಲಿತಿದ್ದ ಅಪ್ಪ, ಶಿಕಂ ಅಂದರೆ ಹೊಟ್ಟೆ, ಅದು ಕೆರೆಯ ಹೊಟ್ಟೆ ಎಂದು ಬಿಡಿಸಿ ಹೇಳುತ್ತಿದ್ದ. ಆ ಹೊಟ್ಟೆಗೆ ಊರಿನದೇ ಒಂದು ಕಾಯ್ದೆಯಿತ್ತು. ನೀರು ಇಳಿದಾಗ ಅಲ್ಲಿ ಕಡಲೆ ಬಿತ್ತಬಹುದು, ದನ ಮೇಯಿಸಬಹುದು, ಬೆಳೆ ಕಾಯಲು ಗುಡಿಸಲು ಹಾಕಬಹುದು. ಪಾಯ ಮಾತ್ರ ತೆಗೆಯುವಂತಿಲ್ಲ. ತುಂಬಿದ ಕೆರೆಯ ನೀರು ಮುಟ್ಟುವ ಅಂಚಿನಿಂದಾಚೆ ಒಂದು ಹೊಲದಷ್ಟು ಜಾಗಕ್ಕೂ ಇದೇ ಕಾಯ್ದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಮಳೆ ಕೈಕೊಟ್ಟಿತು. ಕೆಲವು ವರ್ಷ ಕೆರೆಯಲ್ಲಿ ಎಮ್ಮೆ ಮಲಗುವಷ್ಟೂ ನೀರು ನಿಲ್ಲಲಿಲ್ಲ. ಅದೇ ಹೊತ್ತಿಗೆ, ಊರಲ್ಲೇ ಕೊಟ್ಟಿದ್ದ ನನ್ನಕ್ಕ ಗಂಡನ ಜೊತೆ ಅವನ ಅಣ್ಣತಮ್ಮಂದಿರಿಂದ ಬೇರೆಯಾದಳು. ಊರೊಳಗೆ ಅವರಿಗೆ ಕೌದಿ ಹಾಸುವಷ್ಟು ಜಾಗವೂ ಸಿಗಲಿಲ್ಲ. ಭಾವ ಗಂಗಾವತಿ ಕಡೆ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗಿಬರುವವನು, ಮಾತಿನಲ್ಲಿ ಜಾಣ.

“ಪಾಯಾ ತೆಗೀಬಾರದು ಅಂದಾರ. ಮನಿ ಕಟ್ಟಬಾರದು ಅಂತ ಯಾರ ಅಂದಾರ?” ಎಂದ.

ಶಿಕಂನಲ್ಲಿ ಬರಿ ನೆಲದ ಮೇಲೆಯೇ ಮಣ್ಣಿನ ಗೋಡೆ ಎಬ್ಬಿಸಿ, ತೊಲೆ ಕೂರಿಸಿ, ಮೇಲೆ ಮಣ್ಣಿನ ಮಾಳಿಗೆ ಮುಚ್ಚಿದ. ಊರ ಹಿರಿಯರು ಹಾರೆ ಹಿಡಿದು ನೋಡಲು ಬಂದರು. ಗೋಡೆಯ ಬುಡವನ್ನು ಅಲ್ಲಲ್ಲಿ ಕೆದರಿದರು. ಕಲ್ಲು ಸಿಗಲಿಲ್ಲ.

“ಕಾಯ್ದೆ ಮುರದಿಲ್ಲ ಬಿಡ್ರಿ,” ಎಂದ ದೊಡ್ಡ ಹಿರಿಯ. ಅಕ್ಕ ಎಲ್ಲರಿಗೂ ಬೆಲ್ಲದ ಚಹಾ ಕೊಟ್ಟಳು. ಅವಳು ಅಷ್ಟು ಖುಷಿಯಾಗಿದ್ದನ್ನು ಮದುವೆಯಲ್ಲೂ ನಾನು ಕಂಡಿರಲಿಲ್ಲ. ಅವರನ್ನು ನೋಡಿ ಇನ್ನೂ ಕೆಲವರು ಹಾಗೆಯೇ ಕಟ್ಟಿಕೊಂಡರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ಕಾಯ್ದೆಯನ್ನು ಅಕ್ಷರ ಅಕ್ಷರವಾಗಿ ಕೆದರಿ ನೋಡಿದ ಆ ಮಹಾನುಭಾವರಿಗೆ ಎದುರಿಗಿದ್ದ ಕೆರೆ ಕಾಣಲಿಲ್ಲ.

ಮುಂದೊಂದು ವರ್ಷ ಹಿಂಗಾರಿ ಬಿಡದೆ ಹೊಡೆಯಿತು. ನೀರು ನುಗ್ಗಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಅಕ್ಕನ ಮನೆಯಂಗಳಕ್ಕೆ ಬಂತು, ಪಾದ ಮುಳುಗುವಷ್ಟು. ಹೆದರುವಂಥದ್ದೇನೂ ಕಾಣಲಿಲ್ಲ. ನಾವೆಲ್ಲ ಸೇರಿ ಜೋಳದ ಚೀಲ, ಹಾಸಿಗೆ, ಪಾತ್ರೆ ಹೊತ್ತು ನಮ್ಮ ಮನೆಗೆ ಸಾಗಿಸಿದೆವು. ಬುಟ್ಟಿಯಡಿ ಮುಚ್ಚಿಟ್ಟ ಕೋಳಿ ನೆನಪಾಗಿ ಅಕ್ಕ ತಿರುಗಿ ಒಳಗೆ ಹೋದಳು. ಕೆಳಗೆ ಕಲ್ಲಿಲ್ಲದ ಗೋಡೆ ಬುಡದಿಂದಲೇ ನೀರು ಹೀರಿಕೊಂಡಿತ್ತು. ಅದು ಸದ್ದಿಲ್ಲದೆ ಕುಸಿದು ಕೂತಿತು, ನೆನೆದು ಭಾರವಾದ ಮಾಳಿಗೆ ಅವಳ ಮೇಲೆ ಬಂತು. ಕೈಯಿಂದಲೇ ಮಣ್ಣು ಬಗೆದು ಹೊರಗೆ ತೆಗೆದಾಗ ಅವಳ ಮೂಗು, ಬಾಯಿ ತುಂಬ ಕೆಸರಿತ್ತು. ಅವ್ವ ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ದಿನಕರ್ಮ ಮುಗಿದ ಮೇಲೆ ಹಿರಿಯರು ಚಾವಡಿಯಲ್ಲಿ ಸೇರಿ ಹೊಸ ಕಾಯ್ದೆ ಮಾಡಿದರು. ಇನ್ನು ಮುಂದೆ ಶಿಕಂನಲ್ಲಿ ಪಾಯವಿಲ್ಲದೆ ಯಾರೂ ಮನೆ ಕಟ್ಟುವಂತಿಲ್ಲ. ಕಟ್ಟುವವರು ಆಳಕ್ಕೆ ತೋಡಿ, ಕಲ್ಲು ತುಂಬಿ, ಗಟ್ಟಿಯಾಗಿ ಕಟ್ಟಬೇಕು.

ಅವ್ವ ಎದ್ದು ನಿಂತಳು. ಗಂಡಸರ ನಡುವೆ ಅವಳು ಮಾತಾಡಿದ್ದು ಅದೊಂದೇ ಸಲ.

“ಯಪ್ಪಾ, ಪಾಯಾ ಇಲ್ಲದ್ದಕ್ಕ ನನ್ನ ಮಗಳು ಸತ್ತಿಲ್ಲರಿ. ನೀರಿನ ಜಾಗಾದಾಗ ಇದ್ದದ್ದಕ್ಕ ಸತ್ತಾಳ. ಅಲ್ಲೆ ಯಾರೂ ಇರಬಾರದು ಅಂತ ಹೇಳ್ರಿ.”

“ನಿನ್ನ ಮಗಳಂಗ ಮತ್ತೊಬ್ಬರಿಗೆ ಆಗಬಾರದಂತಲೇ ಇದನ್ನ ಮಾಡೇವಿ, ಯವ್ವಾ. ಕುಂದ್ರು,” ಎಂದ ದೊಡ್ಡ ಹಿರಿಯ. ದನಿಯಲ್ಲಿ ನಿಜವಾದ ಕರುಣೆಯಿತ್ತು.

ಮೊದಲು ಅನುಕೂಲಸ್ಥರು ಬಂಡಿಗಟ್ಟಲೆ ಕಲ್ಲು, ಮೊರಂ ತಂದು ಸುರಿದರು. ಆಮೇಲೆ ಎಲ್ಲರೂ ಸುರಿದರು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಕೆರೆಗೆ ನಿಲ್ಲಲು ಜಾಗವೇ ಉಳಿಯಲಿಲ್ಲ, ಊರ ಬಾವಿಗಳ ನೀರೂ ಇಳಿಯಿತು. ಹೊಸ ಮನೆಯವರು ಅವ್ವನನ್ನು ಕರೆದು ಊಟಕ್ಕೆ ಕೂರಿಸುತ್ತಿದ್ದರು. ಎಲೆಗೆ ಹೋಳಿಗೆ ಬಡಿಸುತ್ತ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು: “ನಿನ್ನ ಮಗಳ ಪುಣ್ಯಾ ನೋಡು ಯವ್ವಾ, ನಮಗೊಂದು ಜಾಗಾ ಆತು.”