ಉಮಾವತಿಯ ಚಗಟೆ ಗದ್ದೆ

ಕೊಕ್ಕರ್ಣೆಯ ಉಮಾವತಿ ಹರಿವೆ ಸೊಪ್ಪು ಬೆಳೆದು ಮಾರುವವಳು. ಸಂತೆಯಲ್ಲಿ ಅವಳ ಕೆಂಪು ಹರಿವೆ ಬಿಸಿಲೇರುವ ಮೊದಲೇ ಖಾಲಿಯಾಗುತ್ತಿತ್ತು. ಅವಳ ಗದ್ದೆಯ ಮೇಲ್ಗಡೆ ಲೀಲಾಧರ ಹಳೆಯ ಬ್ಯಾಟರಿ ಒಡೆಯುವ ಶೆಡ್ ಹಾಕಿದ. ನಾಲ್ಕು ಮಳೆಗಾಲ ಶೆಡ್ಡಿನ ನೀರು ಗದ್ದೆಗೆ ಇಳಿಯಿತು. ಮಣ್ಣಿನಲ್ಲಿ ಸೀಸ ಸೇರಿದೆ ಎಂದು ಗೊತ್ತಾದ ಮೇಲೆ ಶೆಡ್ ಮುಚ್ಚಿತು. ಉಮಾವತಿಯ ಹರಿವೆಯನ್ನೂ ಯಾರೂ ಮುಟ್ಟಲಿಲ್ಲ.

ಮಣ್ಣು ಪರೀಕ್ಷೆ ಮಾಡಿದ ಕಾಲೇಜಿನ ದಿವ್ಯಾ ಒಂದು ದಾರಿ ಹೇಳಿದಳು. ಚಗಟೆಯಂಥ ಕೆಲವು ಕಾಡುಗಿಡಗಳು ಬೇರಿನಿಂದ ಸೀಸ ಹೀರುತ್ತವೆ. ಅವನ್ನು ಬೆಳೆಸಿ, ಬೇರುಸಹಿತ ಕಿತ್ತು, ಚೀಲ ಕಟ್ಟಿಟ್ಟರೆ ಕಾಲೇಜಿನವರು ಒಯ್ದು ಸುಡಿಸುತ್ತಾರೆ. ಮೂರು ವರ್ಷ ಮಾಡಿದರೆ ಮಣ್ಣು ಸುಧಾರಿಸಬಹುದು. ಗಿಡ ಸೊಂಪಾಗಿ ಬಂದಷ್ಟೂ ಒಳ್ಳೆಯದು.

ಉಮಾವತಿ ರಸ್ತೆಬದಿಯ ಚಗಟೆ ಬೀಜ ಆರಿಸಿ ತಂದು ಬಿತ್ತಿದಳು. ಪ್ರತಿ ವರ್ಷ ದನದ ಹಟ್ಟಿಯ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದಳು. ಲೀಲಾಧರ ಬೇಲಿಯಾಚೆ ನಿಂತು ನಗುತ್ತಿದ್ದ.

"ಹ್ವಾಯ್ ಉಮಕ್ಕ, ಕಳೆ ಬೆಳ್ಸುಕೂ ಗೊಬ್ಬರ ಬೇಕಾ?"

ಅವಳು ಬುಟ್ಟಿ ಸುರಿದು ಮತ್ತೊಂದು ತರಲು ಹಟ್ಟಿಗೆ ನಡೆದಳು. ಗಿಡ ಕೀಳುವುದು ಅವಳ ಕೆಲಸ. ಚೀಲಕ್ಕೆ ತುಂಬುವುದು ಅತ್ತೆ ಅಮ್ಮಣ್ಣಿಯ ಕೆಲಸ. ವರ್ಷಕ್ಕೊಮ್ಮೆ ಕಾಲೇಜಿನ ಲಾರಿ ಬಂದು ಕಟ್ಟಿದ ಚೀಲಗಳನ್ನು ಒಯ್ಯುತ್ತಿತ್ತು.

ಮೂರನೆಯ ವರ್ಷ ದಿವ್ಯಾ ವರದಿ ಹಿಡಿದು ಬಂದಳು. ಸೀಸ ಸ್ವಲ್ಪವೂ ಇಳಿದಿರಲಿಲ್ಲ.

"ಗಿಡ ಎಲ್ಲ ಚೀಲಕ್ಕೇ ಹಾಕಿದ್ರಾ, ಅಕ್ಕ?"

"ಎಲ್ಲ ಹಾಕಿದ್ದೇ," ಎಂದಳು ಉಮಾವತಿ. ಜಗಲಿಯಲ್ಲಿ ಕುಳಿತಿದ್ದ ಅಮ್ಮಣ್ಣಿ ಬಾಯಿ ಹಾಕಿದಳು.

"ಹಸಿ ಸೊಪ್ಪ್ ಸುಡುಕೆ ಕೊಡೂದಾ? ನಾನ್ ಅದನ್ನ ಹಟ್ಟಿಗ್ ಹಾಸ್ದೆ. ಚೀಲಕ್ಕೆ ಹಾಡಿ ಮರದ ಒಣ ಎಲೆ ತುಂಬ್ಸಿ ಕೊಟ್ಟೆ. ಒಣ ಎಲೆಯೊಳ್ಗೆ ಎಂತ ಸಾರ ಇತ್ತ್? ಹಸಿ ಸೊಪ್ಪಿನ ಗೊಬ್ರ ಆರೆ ನಿನ್ ಗದ್ದಿಗೇ ಒಳ್ಳೇದಲ್ದಾ, ಹೆಣೆ?"

ಮಣ್ಣಿನಿಂದ ಕಿತ್ತ ಸೀಸವನ್ನು ಮೂರು ವರ್ಷ ತಾನೇ ತಲೆಯ ಮೇಲೆ ಹೊತ್ತು ಅದೇ ಮಣ್ಣಿಗೆ ಸುರಿದಿದ್ದೇನೆ ಎಂದು ಉಮಾವತಿಗೆ ಅರ್ಥವಾಯಿತು. ಗೊಬ್ಬರ ಬಿದ್ದ ಮೇಲ್ಮಣ್ಣನ್ನು ನಾಲ್ಕು ಬೆರಳಿನಷ್ಟು ಆಳ ಕೆರೆದು ತೆಗೆದರೆ ಸ್ವಲ್ಪ ಕಡಿಮೆಯಾಗಬಹುದು, ಆಮೇಲೆ ಮೊದಲಿನಿಂದ ಶುರುಮಾಡಬೇಕು ಎಂದು ಹೇಳಿ ದಿವ್ಯಾ ಹೋದಳು.

ಮರುದಿನ ಬೆಳಿಗ್ಗೆ ಉಮಾವತಿ ಅತ್ತೆಯನ್ನು ಕೈಹಿಡಿದು ಗದ್ದೆಗೆ ಕರೆತಂದಳು. ಅಮ್ಮಣ್ಣಿಗೆ ಎಪ್ಪತ್ತಮೂರು. ಮೊಣಕಾಲು ಮಡಚುವುದಿಲ್ಲ.

"ಮೇಲಿನ ಮಣ್ಣ್ ಕೆರ್ದ್ ಚೀಲಕ್ಕೆ ತುಂಬ್ಸಿ, ಅತ್ತಿ."

"ನಂಗೆ ಕೂತ್ಕಂಬುಕೆ ಆತ್ತಿಲ್ಲೆ."

"ಹಾಂಗಾರೆ ಬಗ್ಗಿ ಮಾಡಿ."

ಅಮ್ಮಣ್ಣಿ ಬಗ್ಗಿದಳು. ಉಮಾವತಿಯ ಗಂಡ ಪ್ರೇಮಾನಂದ ಹಾರೆ ಹಿಡಿದು ಓಡಿ ಬಂದ. ಅವಳು ಅವನ ಕೈಯಿಂದ ಹಾರೆ ತೆಗೆದುಕೊಂಡು ಅಂಚಿನ ಮೇಲಿಟ್ಟಳು.

"ನೀವ್ ಮನಿಗ್ ಹೋಯ್ನಿ."

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಹೋದ. ಉಮಾವತಿ ಅಂಚಿನ ಮೇಲೆ ಕುಳಿತು ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದು ಚೀಲ ತುಂಬಿತು. ಅಮ್ಮಣ್ಣಿ ಸೊಂಟ ಹಿಡಿದುಕೊಂಡು ನೆಟ್ಟಗಾಗಲು ನೋಡಿದಳು, ಆಗಲಿಲ್ಲ.

"ಸಾಕಾ, ಹೆಣೆ?"

"ಅಲ್ಲೇ ನಿಲ್ಲಿ," ಎಂದಳು ಉಮಾವತಿ. "ಇನ್ನೊಂದ್ ಚೀಲ ತರ್ತೆ."