ಟ್ಯೂಬ್‌ಲೈಟ್ ಆರಿಸಿದ ಮೇಲೆ

ಭಾವ ನನ್ನ ಏರ್‌ಗನ್ ಎರವಲು ತೆಗೆದುಕೊಂಡು ಹೋಗಿ ವಾಪಸ್ಸು ತಂದುಕೊಟ್ಟ ದಿನದಿಂದಲೇ ನನಗೆ ಅನುಮಾನ. ಗುರಿಹಲಗೆಯ ನಡುವಿಗೆ ಬೀಳುತ್ತಿದ್ದ ಪೆಲೆಟ್ಟು, ಅಂದರೆ ಸೀಸದ ಪುಟ್ಟ ಗುಂಡು, ಈಗ ಒಂದೇ ಸಮನೆ ಕೆಳಗೆ ಬೀಳುತ್ತಿತ್ತು. ನಾನು ಹೊಡೆಯಬೇಕಿದ್ದ ಕಾಲೇಜು ಹುಡುಗಿಯರ ಶೂಟಿಂಗ್ ಸ್ಪರ್ಧೆ ಹತ್ತಿರ ಬಂದಿತ್ತು. ಅದೇ ಥರದ ಗನ್ ಸ್ವಂತಕ್ಕೆ ಇಟ್ಟುಕೊಂಡಿರುವ ಮನುಷ್ಯನಿಗೆ ನನ್ನದು ಯಾಕೆ ಬೇಕಿತ್ತು? ಒಳಗಿನ ಗಟ್ಟಿ ಸ್ಪ್ರಿಂಗ್ ತಾವು ಇಟ್ಟುಕೊಂಡು ತಮ್ಮ ಗನ್ನಿನ ಸವೆದದ್ದನ್ನು ನನ್ನದಕ್ಕೆ ಹಾಕಿದ್ದಾರೆ ಅಂತ ಅಮ್ಮನ ಹತ್ತಿರ ಅಂದೆ. ಅಳಿಯಂದಿರ ಬಗ್ಗೆ ಹಾಗೆಲ್ಲ ಮಾತಾಡಬಾರದು ಅಂತ ಬೈಸಿಕೊಂಡೆ. ಅಕ್ಕನ ಕಿವಿಗೂ ಬಿತ್ತು. "ಅವರು ಅಂಥವರಾಗಿದ್ರೆ ನಾನ್ಯಾಕೆ ಅವರ ಜೊತೆ ಇರ್ತಿದ್ದೆ?" ಅಂದಳು. ನನ್ನ ಅನುಮಾನ ಮಾತ್ರ ಹೋಗಲಿಲ್ಲ.

ಅಣ್ಣ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದವನು. ಪೆಲೆಟ್ಟಿನ ವೇಗ ಅಳೆಯಲು ತಾನೇ ಒಂದು ಕ್ರೋನೋಗ್ರಾಫ್ ಕಟ್ಟಿದ್ದ. ಹಲಗೆಯ ಮೇಲೆ ಬೆಳಕು ಗುರುತಿಸುವ ಎರಡು ಕಣ್ಣು. ಪೆಲೆಟ್ಟಿನ ನೆರಳು ಒಂದರಿಂದ ಇನ್ನೊಂದಕ್ಕೆ ದಾಟುವ ಹೊತ್ತು ಹಿಡಿದು ವೇಗ ಹೇಳುತ್ತಿತ್ತು. ಭಾವ ಗನ್ ಒಯ್ಯುವ ಮೊದಲು, ಬೇಸಿಗೆಯಲ್ಲಿ, ಜಯನಗರದ ನಮ್ಮ ಮನೆಯ ತಾರಸಿ ಮೇಲೆ ಅಳೆದಾಗ ನನ್ನ ಗನ್ನಿನ ಅಂಕಿ ಸೆಕೆಂಡಿಗೆ ಐನೂರೈವತ್ತು ಅಡಿಯ ಆಸುಪಾಸು.

ಅಕ್ಕ ಭಾವ ಪದ್ಮನಾಭನಗರದಿಂದ ಊಟಕ್ಕೆ ಬಂದಿದ್ದ ಭಾನುವಾರ ಅಣ್ಣ ಮತ್ತೆ ಯಂತ್ರ ಹೂಡಿದ. ಹೊರಗೆ ಮಳೆ, ಅದಕ್ಕೇ ಹಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಒಮ್ಮೆ ಒಂಬೈನೂರು ಬಂತು, ಇನ್ನೊಮ್ಮೆ ಮುನ್ನೂರು. ಆಮೇಲೆ ನಾನು ಗನ್ನಿನ ಕುದುರೆ ಎಳೆಯುವ ಮೊದಲೇ ಒಂದು ಅಂಕಿ ಬಂತು.

"ಹೊಡೆಯೋಕೆ ಮುಂಚೆನೇ ಸ್ಪೀಡ್ ಹೇಳುತ್ತಲ್ಲೋ, ಸಖತ್ ಮೆಷಿನ್ ಗುರು," ಅಂತ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಅಣ್ಣ ಮಾತ್ರ ತಲೆಯೆತ್ತಿ ಟ್ಯೂಬ್‌ಲೈಟ್ ನೋಡುತ್ತಿದ್ದ. ಅದು ಸದಾ ಮಿಣಮಿಣ ಅನ್ನುತ್ತಿರುತ್ತದೆ, ನಮಗೆ ಕಾಣದ ಆ ಮಿಣುಕನ್ನೇ ಯಂತ್ರ ಪೆಲೆಟ್ಟಿನ ನೆರಳು ಅಂದುಕೊಳ್ಳುತ್ತಿದೆ ಅಂದ. ಪಕ್ಕದ ಮನೆಯವರ ಕಾರಿನ ಬ್ಯಾಟರಿ ಬಿಚ್ಚಿಸಿ ತಂದು, ಎರಡು ಕಣ್ಣಿನ ಮೇಲೂ ಒಂದೊಂದು ಹೆಡ್‌ಲೈಟ್ ಬಲ್ಬ್ ಕಟ್ಟಿದ. ಬೆಳಕು ಒಂದೇ ಹದಕ್ಕೆ ಹರಡಲಿ ಅಂತ ನಡುವೆ ತೆಳು ಕಾಗದ ಹಿಡಿಸಿದ. ಟ್ಯೂಬ್‌ಲೈಟ್ ಆರಿಸಿದ.

ಈ ಸಲ ಅಂಕಿ ಅಲುಗಾಡಲಿಲ್ಲ. ಎಷ್ಟು ಸಲ ಹೊಡೆದರೂ ಹೆಚ್ಚುಕಮ್ಮಿ ಅದೇ. ಭಾವ ಚಪ್ಪಾಳೆ ತಟ್ಟಿ, ಎಲ್ಲಾ ಲೈಟಿನ ಕಿತಾಪತಿ, ಸುಮ್ಮನೆ ಮನೆಯವರ ಮೇಲೆ ಅನುಮಾನ ಪಟ್ಟೆ ಅಂತ ನನ್ನನ್ನು ಛೇಡಿಸಿದರು. ಒಂದು ಗಳಿಗೆ ನನಗೂ ಹಗುರವಾಯಿತು.

ಆಮೇಲೆ ಆ ಅಂಕಿಯನ್ನು ಬೇಸಿಗೆಯದಕ್ಕೆ ಹೋಲಿಸಿ ನೋಡಿದೆ. ನಾನೂರರ ಮೇಲೆ ಏರುತ್ತಲೇ ಇರಲಿಲ್ಲ.

ಯಂತ್ರದೊಳಗಿನ ಸಣ್ಣ ಬ್ಯಾಟರಿ ವೀಕಾಗಿರಬೇಕು ಅಂದರು ಭಾವ. ಅಣ್ಣ ಹೊಸದು ಹಾಕಿದ, ಅದೇ ಅಂಕಿ. ಮಳೆಗಾಲದ ಥಂಡಿ ಅಂದರು. ಅಮ್ಮ ಕಾಫಿ ಮಾಡುವ ನೆಪ ಹೇಳಿ ಒಳಗೆ ಹೋದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮಾತಾಡಿದಳು.

"ರೀ, ನಿಮ್ಮ ಗನ್ನೂ ತಗೊಂಡ್ಬನ್ನಿ. ಇದೇ ಲೈಟಲ್ಲಿ ನೋಡೋಣ."

ಭಾವ ಸ್ಕೂಟರಿನ ಕೀ ಕೈಗೆ ತೆಗೆದುಕೊಂಡರು, ಏಳಲಿಲ್ಲ. ಕೀ ತಿರುಗಿಸುತ್ತ ಕೂತರು. ಆಮೇಲೆ ನೆಲ ನೋಡಿಕೊಂಡು ಅಂದರು: "ಹುಡುಗಿ ತಾನೇ ಹೊಡೆಯೋದು, ಅಷ್ಟು ಪವರ್ ಯಾಕೆ ಅಂತ..."

ಸ್ಪ್ರಿಂಗ್ ಮಾರನೆಯ ದಿನವೇ ವಾಪಸ್ಸು ಬಂತು. ಅಕ್ಕ ಮಾತ್ರ ಆ ಭಾನುವಾರ ವಾಪಸ್ಸು ಹೋಗಲು ಅವರ ಸ್ಕೂಟರ್ ಹತ್ತಲಿಲ್ಲ.