ಅರಿಷಿಣವಲ್ಲದ ಹಳದಿ

ಬೆಳಗಿನ ಹೊತ್ತು ಹಾನಗಲ್ಲಿನ ಆನೆಕೆರೆಯ ದಂಡೆಗೆ ಹೋದವರಿಗೆ ಮೊದಲು ಕೇಳಿಸುತ್ತಿದ್ದದ್ದು ಭರಮವ್ವನ ದನಿ. ಬಟ್ಟೆ ಬಡಿಯುವ ಸದ್ದು ಆಮೇಲೆ. ಅಗಸರ ಓಣಿಯ ಈ ಹೆಣ್ಣುಮಗಳು ಒಗೆಯುವಾಗ ಅರಿವೆಗಳ ಜೊತೆ ಜಗಳಕ್ಕಿಳಿಯುತ್ತಿದ್ದಳು. "ಮಾವಿನಹಣ್ಣು ತಿನ್ನೋವಾಗ ನಿಮ್ಮ ಮಾಲಕಗ ಬಾಯಿ ಎಲ್ಲೈತಿ ಅಂತ ಗೊತ್ತಾಗೂದಿಲ್ಲೇನು?" ಎಂದು ಒಂದು ಅಂಗಿಯನ್ನು ಗದರುತ್ತಿದ್ದಳು. ಕತ್ತೆಯ ಮೇಲಿನ ಗಂಟು ಇಳಿಸುತ್ತ ಅವಳ ಗಂಡ ಗಿರಿಯಪ್ಪ ಅಂಗಿಯ ಪರವಾಗಿ ಉತ್ತರ ಕೊಡುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಇಪ್ಪತ್ತೆಂಟು ಮನೆಗಳ ಬಟ್ಟೆಗಳು ಅವಳ ಕೈ ಹಾಯ್ದು ಹೋಗುತ್ತಿದ್ದವು. ಯಾರ ಸೊಸೆ ಬಸುರಿ, ಯಾರ ಗಾಯ ಇನ್ನೂ ಮಾದಿಲ್ಲ, ಯಾವ ಮುದುಕ ಕದ್ದು ಬೆಲ್ಲ ತಿನ್ನುತ್ತಾನೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ. ಅದಕ್ಕೇ ಆ ಇಪ್ಪತ್ತೆಂಟು ಮನೆಗಳೂ ಅವಳನ್ನು ಬಿಟ್ಟಿರಲಿಲ್ಲ.

೧೯೪೨ರ ಸಂಕ್ರಾಂತಿ ಕಳೆದ ವಾರ, ಅಕ್ಕಿ ವ್ಯಾಪಾರಿ ಕರಬಸಪ್ಪ ಶೆಟ್ಟರ ದೋತರದಲ್ಲಿ ಅವಳು ಒಂದು ಹಳದಿ ಕಲೆ ಕಂಡಳು. ಕರಬಸಪ್ಪ ಐವತ್ತರ ಆಳು. ನಕ್ಕರೆ ಪೇಟೆಯ ಆ ತುದಿಗೆ ಕೇಳಬೇಕು. ಬಿಳಿ ಬಟ್ಟೆ ಎಂದರೆ ಜೀವ. ದೋತರದ ಅಂಚಿಗೆ ಒಂದು ಚುಕ್ಕೆ ಬಿದ್ದರೂ ಬದಲಿಸುವ ಮನುಷ್ಯ. ಅಂಥವರ ದೋತರದಲ್ಲಿ ಹಳದಿ ಏಕೆ? ಅರಿಷಿಣವಿರಬೇಕೆಂದು ಭರಮವ್ವ ಒಗೆಯುವ ಸೋಡಾದ ನೀರು ಚಿಮುಕಿಸಿದಳು. ಸೋಡಾ ಬಿದ್ದರೆ ಅರಿಷಿಣ ಕುಂಕುಮದಂತೆ ಕೆಂಪಾಗುತ್ತದೆ. ಇದು ಕೆಂಪಾಗಲಿಲ್ಲ. ಹಳದಿಯಾಗಿಯೇ ಕುಳಿತಿತ್ತು.

"ಕಾಮಣಿ ಆಗೇತಿ ಶೆಟ್ಟರಿಗೆ," ಎಂದಳು ಗಂಡನಿಗೆ, ಕಾಮಾಲೆಯೆಂದೇ ಬಗೆದು.

"ಆಗವಲ್ದ್ಯಾಕ. ತಿಳವಳ್ಳಿಗೆ ಹೋಗಿ ಔಷಧ ಕುಡದು ಬರ್ತಾರ. ನಮ್ಮ ತಂಗಿ ಮಗಳಿಗೆ ಆಗಿತ್ತಲ್ಲ, ಮೂರು ವಾರಕ್ಕ ಹೋತು."

ಮೂರು ವಾರವಾಯಿತು. ಕಲೆ ತಿಳಿಯಾಗುವ ಬದಲು ಗಾಢವಾಯಿತು. ಅಂಗಿಯ ಬೆನ್ನಿನಲ್ಲೂ ತೋಳಿನಲ್ಲೂ ಸಾಸಿವೆ ಚೆಲ್ಲಿದಂತೆ ರಕ್ತದ ಸಣ್ಣ ಚುಕ್ಕೆಗಳು ಕಾಣಿಸಿಕೊಂಡವು, ಉಗುರಿನಿಂದ ಕೆರೆದುಕೊಂಡ ಗುರುತು. ಅಂಗಿಯ ಕಸಿ ಕಟ್ಟುವ ಗಂಟಿನ ಮಡಿಕೆ ಮೊದಲಿದ್ದ ಜಾಗದಿಂದ ಎರಡು ಬೆರಳು ಒಳಗೆ ಸರಿದಿತ್ತು. ಮನುಷ್ಯ ಸೊರಗುತ್ತಿದ್ದಾನೆ.

ಭರಮವ್ವ ಆ ಅಂಗಿ ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಆರು ವರ್ಷದ ಹಿಂದೆ ತವರೂರು ಆಡೂರಿನಲ್ಲಿ ಒಬ್ಬ ಮುದುಕಿಯ ಸೀರೆಯಲ್ಲಿ ಇದೇ ಹಳದಿ, ಇದೇ ಚುಕ್ಕೆಗಳನ್ನು ಅವಳು ಕಂಡಿದ್ದಳು. ಆಗ ಬಾಯಿ ಬಿಟ್ಟಿರಲಿಲ್ಲ. ಅಗಸಗಿತ್ತಿಯನ್ನು ಯಾರು ಕೇಳುತ್ತಾರೆ? ಮನೆಯವರು ಎರಡು ತಿಂಗಳು ಸೊಪ್ಪಿನ ರಸ ಕುಡಿಸಿದರು. ಹೋಳಿಹುಣ್ಣಿವೆಯ ಹೊತ್ತಿಗೆ ಮುದುಕಿ ಇರಲಿಲ್ಲ.

ಮರುದಿನ ಒಗೆದ ಬಟ್ಟೆಯ ಗಂಟು ಹೊತ್ತು ಕರಬಸಪ್ಪನವರ ಹಿತ್ತಲಿಗೆ ಹೋದಳು. ಅವರ ಹೆಂಡತಿ ದಾನವ್ವ ಬಟ್ಟೆ ಎಣಿಸಿಕೊಳ್ಳುತ್ತಿದ್ದಾಗ ಭರಮವ್ವ ದನಿ ತಗ್ಗಿಸಿದಳು.

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಶೆಟ್ಟರು ಹೊರಕಡಿಗೆ ಹೋದಾಗ ಬಣ್ಣ ಹೆಂಗಿರ್ತೈತ್ರಿ?"

ದಾನವ್ವನ ಕೈಯಲ್ಲಿದ್ದ ಅಂಗಿ ಜಾರಿತು. "ಏನ ಭರಮವ್ವ, ಅದನ್ನ ಹೆಂಗ ಕೇಳಲೇ ನಾನು ಅವರಿಗೆ?" ಎಂದು ಸೆರಗು ಬಾಯಿಗೆ ಹಿಡಿದಳು.

ಒಳಗಿದ್ದ ಕರಬಸಪ್ಪನಿಗೆ ಮಾತು ಕೇಳಿಸಿತ್ತು. ಗಹಗಹಿಸಿ ನಗುತ್ತ ಹೊರಗೆ ಬಂದರು. "ಅರಿವಿ ಲೆಕ್ಕ ಮುಗೀತು, ಈಗ ಹೊಟ್ಟಿ ಲೆಕ್ಕಾನೂ ನಿನಗ ಒಪ್ಪಸಬೇಕೇನ ಭರಮವ್ವ?"

"ಒಪ್ಪಸ್ರಿ. ನಗೂದು ಆಮ್ಯಾಲೆ."

ಅವಳು ನಗಲಿಲ್ಲ. ಅದನ್ನು ನೋಡಿ ಅವರ ನಗೆಯೂ ನಿಂತಿತು. ತೋಳು ಕೆರೆದುಕೊಂಡರು. "ಬೆಳ್ಳಗೈತಿ," ಎಂದರು ಕೊನೆಗೆ. "ಸುಣ್ಣದಂಗ. ಹದಿನೈದು ದಿನಾತು. ನೋವು ಗೀವು ಏನೂ ಇಲ್ಲ, ಅದಕ್ಕ ಯಾರಿಗೂ ಹೇಳಲಿಲ್ಲ."

ದಾನವ್ವ ಗಂಡನ ಕೈ ಹಿಡಿದು ಅಂಗಳದ ಬಿಸಿಲಿಗೆ ಎಳೆದು ತಂದಳು. ಅಂಗಡಿಯ ಕತ್ತಲೆಯಲ್ಲಿ ಕಾಣದ್ದು ಅಲ್ಲಿ ಕಂಡಿತು. ಕಣ್ಣಿನ ಬಿಳುಪು ಚೆಂಡುಹೂವಿನ ಬಣ್ಣಕ್ಕೆ ತಿರುಗಿತ್ತು.

ಸರಕಾರಿ ದವಾಖಾನೆಯಲ್ಲಿ ಆಗ ಪರಮೇಶಪ್ಪನೆಂಬ ಹರೆಯದ ಡಾಕ್ಟರಿದ್ದರು. ಕರಬಸಪ್ಪನಿಂದ ಕತೆ ಕೇಳಿದವರೇ ಭರಮವ್ವನನ್ನು ಕರೆಸಿದರು. ಕುರ್ಚಿ ಕೊಟ್ಟರೆ ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಸೋಡಾ ನೀರಿನ ಮಾತು ಬಂದಾಗ ಡಾಕ್ಟರು ಮೇಜಿನ ಮೇಲೆ ಕೈ ಬಡಿದು, "ಇದನ್ನ ನನಗ ಯಾರೂ ಕಲಿಸಿರಲಿಲ್ಲ ನೋಡವ್ವ!" ಎಂದರು.

ಆಮೇಲೆ ಕರಬಸಪ್ಪನನ್ನು ಮಲಗಿಸಿ ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳೂರಿದರು. ಮೊಟ್ಟೆಯಷ್ಟು ನುಣ್ಣಗಿನ ಒಂದು ಉಬ್ಬು ಸಿಕ್ಕಿತು.

"ನೋವು?"

"ಇಲ್ರಿ. ಅದs ಚಲೋ ಅಲ್ಲೇನ್ರಿ?"

ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. "ಕಲ್ಲಿನಂಥ ಹಳ್ಳು ಸಿಕ್ಕಿದ್ರ ನೋವು ಇರ್ತಿತ್ತು ಶೆಟ್ಟರ, ಒದ್ದಾಡಿ ಬಿಡ್ತಿದ್ರಿ. ಇದು ಪಿತ್ತದ ಚೀಲ. ಪಿತ್ತ ಕರುಳಿಗೆ ಇಳಿಯೋ ದಾರಿ ಮುಚ್ಚೇತಿ. ಅದಕ್ಕ ಚೀಲ ಉಬ್ಬೇತಿ, ಪಿತ್ತ ಮೈಗೆ ಏರೇತಿ, ಕರುಳಿಗೆ ಬಣ್ಣ ಸಿಗವಲ್ದು. ನೋವಿಲ್ಲದs ಮುಚ್ಚಿದ್ರ ಅಲ್ಲೊಂದು ಗಡ್ಡಿ ಬೆಳದಿರಬೇಕು. ಕ್ಯಾನ್ಸರ್ ಇರಬಹುದು. ನಾ ಮುಚ್ಚಿಡೂದಿಲ್ಲ. ಆದರ ದಾರಿ ಬಾಯಾಗ ಸಣ್ಣದಾಗಿ ಬೆಳದಿದ್ರ ತಗೀಬಹುದು. ಔಷಧ ಕುಡಕೋಂತ ಕುಂದ್ರಬ್ಯಾಡ್ರಿ. ಮಿರಜಿನ ದೊಡ್ಡ ದವಾಖಾನಿಗೆ ಹೋಗ್ರಿ."

ದಾನವ್ವ ಹೊರಟಳು, ಆದರೆ ಒಂದು ಹಟ ಹಿಡಿದಳು. ಭರಮವ್ವನೂ ಬರಬೇಕು. "ಅವರ ಮೈಯಾಗ ಏನಾಗಾಕತ್ತೇತಿ ಅಂತ ನನಗಿಂತ ನಿನಗ ಮೊದಲ ತಿಳೀತು. ನೀ ಇದ್ರ ನನಗ ಧೈರ್ಯ." ಗಿರಿಯಪ್ಪ ಇಪ್ಪತ್ತೆಂಟು ಮನೆಗಳ ಬಟ್ಟೆ ತಾನೊಬ್ಬನೇ ಒಗೆಯುವುದಾಗಿ ಒಪ್ಪಿದ.

ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬದಲು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಕೆಮ್ಮುತ್ತ ಹಾವೇರಿಗೆ ತಂದು ಬಿಟ್ಟಿತು. ಅಲ್ಲಿಂದ ರೈಲು. ಭರಮವ್ವ ರೈಲು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಿಟಕಿಯಿಂದ ಊರೂರಿನ ಬೇಲಿಗಳ ಮೇಲೆ ಒಣಹಾಕಿದ ಬಟ್ಟೆ ನೋಡಿ, "ಈ ಊರಾಗ ಚಲೋ ಒಗೀತಾರ, ಈ ಊರಾಗ ಬರೇ ತೋಯಿಸಿ ಹಾಕ್ತಾರ" ಎಂದು ಹೇಳುತ್ತಿದ್ದಳು. ಸುಸ್ತಾಗಿ ಒರಗಿದ್ದ ಕರಬಸಪ್ಪನಿಗೂ ನಗು ಬಂತು.

ಮಿರಜಿನ ಆಸ್ಪತ್ರೆಯಲ್ಲಿ ಸರ್ಜನ್ನರು ಪರಮೇಶಪ್ಪನವರ ಪತ್ರ ಓದಿ, ತಾವೂ ಹೊಟ್ಟೆ ಮುಟ್ಟಿ ನೋಡಿ, ಅದೇ ಮಾತು ಹೇಳಿದರು. ಆದರೆ ಕೂಡಲೇ ಕತ್ತರಿ ಹಿಡಿಯಲಿಲ್ಲ. ಪಿತ್ತ ಏರಿದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲವಂತೆ. ಅದಕ್ಕೆ ಹೊಸದಾಗಿ ಬಂದ ಒಂದು ಇಂಜೆಕ್ಷನ್ ಇತ್ತು. ಅದನ್ನು ಆರು ದಿನ ಕೊಟ್ಟರು. ಸುಮ್ಮನೆ ಕೂತಿರಲಾಗದೆ ಭರಮವ್ವ ಕಟ್ಟಡದ ಹಿಂದಿದ್ದ ಒಗೆಯುವ ಕಲ್ಲುಗಳ ಬಳಿ ಹೋದಳು. ಆಸ್ಪತ್ರೆಯ ಬಟ್ಟೆ ಒಗೆಯುವವರ ಮರಾಠಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅವಳ ಕನ್ನಡ ಅವರಿಗೆ ಕಾಲುಭಾಗ. ರಕ್ತದ ಕಲೆಗೆ ಬಿಸಿನೀರು ಹಾಕಬಾರದೆಂಬ ವಿಷಯದಲ್ಲಿ ಎರಡೂ ಕಡೆ ಒಮ್ಮತವಾಯಿತು. ಎರಡನೇ ದಿನಕ್ಕೆ ಅವರು ಅವಳಿಗೆ ಚಹಾ ಮಾಡಿಕೊಟ್ಟರು.

ಏಳನೆಯ ದಿನ ಬೆಳಿಗ್ಗೆ ಆಪರೇಷನ್ ನಡೆಯಿತು. ಮೂರು ತಾಸು ದಾನವ್ವ ಭರಮವ್ವನ ಕೈ ಬಿಡಲಿಲ್ಲ. ಸರ್ಜನ್ನರು ಹೊರಗೆ ಬಂದು, ಕನ್ನಡ ಬಲ್ಲ ನರ್ಸಿನ ಮೂಲಕ ಹೇಳಿದರು. ಪಿತ್ತದ ಕೊಳವೆ ಕರುಳಿಗೆ ಸೇರುವ ಬಾಯಲ್ಲೇ ಬಟಾಣಿ ಕಾಳಿನಷ್ಟು ಗಡ್ಡೆ ಇತ್ತು. ಸುತ್ತಲಿನ ಅಂಚು ಸಮೇತ ಕತ್ತರಿಸಿ ತೆಗೆದು, ಕೊಳವೆಯನ್ನು ಮತ್ತೆ ಕರುಳಿಗೆ ಹೊಲಿದಿದ್ದರು. ಯಕೃತ್ತಿಗೆ ಹರಡಿರಲಿಲ್ಲ.

"ಇನ್ನೆರಡು ತಿಂಗಳು ತಡವಾಗಿದ್ದರೆ ಇದನ್ನು ತೆಗೆಯಲಾಗುತ್ತಿರಲಿಲ್ಲ," ಎಂದರು. "ತುರಿಕೆ ಹೋಗಲೆಂದು ಪಿತ್ತಕ್ಕೆ ಬೇರೊಂದು ದಾರಿ ಮಾಡಿ ಕಳಿಸಬೇಕಾಗುತ್ತಿತ್ತು, ಅಷ್ಟೆ."

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರೇ ಎಂದು ತಿಳಿಯಿತು. ಆದರೆ ಕತ್ತರಿಸಿದ ಅಂಚು ಶುದ್ಧವಾಗಿತ್ತು.

ಮುಂದಿನ ದಿನಗಳಲ್ಲಿ ಆ ವಾರ್ಡಿನಲ್ಲಿ ಕಾದಂತೆ ಯಾರೂ ಎಲ್ಲೂ ಇಂಥದ್ದಕ್ಕೆ ಕಾದಿರಲಿಕ್ಕಿಲ್ಲ. ಆಪರೇಷನ್ನಾದ ಒಂಬತ್ತನೆಯ ದಿನ ನರ್ಸು ಮಲದ ಪಾತ್ರೆ ಎತ್ತಿ ನೋಡಿ, "ಹಳದಿ!" ಎಂದು ಕೂಗಿದಳು. ದಾನವ್ವ ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ವರಾಂಡಕ್ಕೆ ಓಡಿ, "ಬಣ್ಣ ಬಂತ ಭರಮವ್ವ, ಬಣ್ಣ ಬಂತು!" ಎಂದು ಅವಳನ್ನು ಅಪ್ಪಿಕೊಂಡಳು. ಅದುವರೆಗೆ ಹಿತ್ತಲಿನ ಬಾಗಿಲಲ್ಲಷ್ಟೇ ನಿಂತು ಮಾತಾಡಿದ್ದ ಇಬ್ಬರು ಹೆಂಗಸರು ಅಲ್ಲಿ ಎಲ್ಲರೆದುರು ಅಳುತ್ತ ನಕ್ಕರು. ಸಂಜೆ ವಾರ್ಡಿಗೆಲ್ಲ ಸಕ್ಕರೆ ಹಂಚಿದರು. ಯಾತಕ್ಕೆಂದು ಕೇಳಿದವರಿಗೆ ಕರಬಸಪ್ಪ ಹಾಸಿಗೆಯಲ್ಲೇ, ಹೊಲಿಗೆ ಹಿಡಿದುಕೊಂಡು ನಗುತ್ತ, "ಮೊದಲು ತಿನ್ರಿ, ಆಮ್ಯಾಲೆ ಹೇಳ್ತೇನಿ" ಎಂದರು.

ಯುಗಾದಿ ಕಳೆದು ಊರಿಗೆ ಬಂದರು. ತುರಿಕೆ ಹೋಗಿತ್ತು, ಊಟ ಸೇರುತ್ತಿತ್ತು. ಪರಮೇಶಪ್ಪ ಡಾಕ್ಟರು ಅಂದಿನಿಂದ ಕಾಮಣಿಯ ರೋಗಿ ಬಂದರೆ ಉಟ್ಟ ಬಟ್ಟೆಯನ್ನೂ ಕೇಳಿ ನೋಡುತ್ತಿದ್ದರು, ಅನುಮಾನವಿದ್ದರೆ ಭರಮವ್ವನನ್ನು ಕರೆಸುತ್ತಿದ್ದರು. ಸವಣೂರಿನಿಂದ ಬಂದ ವೀಳ್ಯದೆಲೆ ಮಾರುವ ಶಾಕೀರಾಳ ಪಿತ್ತಚೀಲದಲ್ಲಿ ಬರೀ ಹರಳುಗಳಿದ್ದವು. ತೆಗೆಸಿಕೊಂಡು ಗಟ್ಟಿಯಾಗಿ ಹೋದಳು. ಶಿಗ್ಗಾವಿಯ ನೀಲಪ್ಪನೆಂಬ ಮುದುಕನಿಗೆ ತಡವಾಗಿತ್ತು, ಮಿರಜಿನಲ್ಲಿ ಪಿತ್ತಕ್ಕೆ ಬೇರೆ ದಾರಿ ಮಾಡಿ ಹೊಲಿದರು, ಅಷ್ಟೇ. ಆದರೂ ಆ ಬೇಸಿಗೆ ಅವನು ತುರಿಕೆಯಿಲ್ಲದೆ ನಿದ್ದೆ ಮಾಡಿದ, ಮೊಮ್ಮಕ್ಕಳ ಜೊತೆ ಮಾವಿನಹಣ್ಣು ತಿಂದ. ಅವನ ಮಗಳು ಅದನ್ನು ಹೇಳಲೆಂದೇ ಹಾನಗಲ್ಲಿಗೆ ಬಂದಿದ್ದಳು.

ಡಾಕ್ಟರಿಗೆ ಹಿರೇಕೆರೂರಿಗೆ ವರ್ಗವಾದಾಗ ಅಲ್ಲಿನ ಸೂಲಗಿತ್ತಿಯರನ್ನು ಕೂಡಿಸಿ ಭರಮವ್ವನಿಂದ ಮಾತಾಡಿಸಿದರು. ಅವಳು ಹೆಚ್ಚೇನೂ ಹೇಳಲಿಲ್ಲ. "ಕಾಮಣಿ ಮೂರು ವಾರಕ್ಕ ಇಳೀಲಿಲ್ಲಂದ್ರ ಸುಮ್ಮನ ಇರಬ್ಯಾಡ್ರಿ. ಕಂಡದ್ದನ್ನ ಬಾಯಿಬಿಟ್ಟು ಹೇಳ್ರಿ. ನಾ ಒಂದ್ಸಲ ಹೇಳದs ಇದ್ದೆ," ಎಂದು ಕುಳಿತುಬಿಟ್ಟಳು.

೧೯೪೮ರಲ್ಲಿ ಕರಬಸಪ್ಪ ಮಿರಜಿಗೆ ಮತ್ತೆ ತೋರಿಸಿಕೊಳ್ಳಲು ಹೋದಾಗ ದಾನವ್ವ, ಭರಮವ್ವರ ಜೊತೆ ಈ ಸಲ ಗಿರಿಯಪ್ಪನನ್ನೂ ಕರೆದೊಯ್ದರು. ಗಡ್ಡೆಯ ಸುಳಿವೇ ಇಲ್ಲವೆಂದು ಸರ್ಜನ್ನರು ಹೇಳಿದರು. ಬರುವಾಗ ಬೆಳಗಾವಿಯ ಸ್ಟೇಶನ್ನಿನಲ್ಲಿ ನಾಲ್ವರೂ ಕುಂದಾ ಕೊಂಡು ತಿಂದರು. ರೈಲು ಹೊರಟಾಗ ಗಿರಿಯಪ್ಪ ಕಿಟಕಿಯ ಜಾಗ ತನಗೆ ಬೇಕೆಂದು ಹೆಂಡತಿಯೊಡನೆ ಜಗಳ ತೆಗೆದ. ಶೆಟ್ಟರು ಎದ್ದು ತಮ್ಮ ಜಾಗವನ್ನೇ ಅವನಿಗೆ ಬಿಟ್ಟುಕೊಟ್ಟರು.